ಬಾಗಿಲ ಹಿಂದಿನ ಮದುವೆಗಳು

ನಮ್ಮ ಅಡುಗೆಮನೆಯ ಬಾಗಿಲ ಹಿಂದೆ ಒಂದು ಮೊಳೆ ಇದೆ. ಅದನ್ನು ಹೊಡೆದವರು ಯಾರೆಂದು ಕೇಳಿದರೆ ಮನೆಯವರೆಲ್ಲರೂ ‘ನಾನೇ’ ಎನ್ನುತ್ತಾರೆ. ನನ್ನ ಗಂಡನಿಗೆ ಸುತ್ತಿಗೆ ಬೆರಳಿಗೆ ತಗುಲಿದ್ದು ನೆನಪಿದೆ. ಅತ್ತೆಗೆ ಆ ಬೆರಳಿಗೆ ಅರಿಶಿನ ಹಚ್ಚಿದ್ದು ನೆನಪಿದೆ, ಆದರೆ ಅದು ತಮ್ಮದೇ ಬೆರಳು. ನನಗಂತೂ ನನ್ನ ನೆನಪಿನ ಮೇಲೆ ಅಷ್ಟೊಂದು ನಂಬಿಕೆ ಇಲ್ಲದ್ದರಿಂದ ಹಕ್ಕು ಬಿಟ್ಟುಕೊಟ್ಟಿದ್ದೇನೆ. ಮೊಳೆ ಇರುವುದು ಮಾತ್ರ ನಿಜ. ಅದಕ್ಕೆ ವರ್ಷಗಟ್ಟಲೆ ಒಂದು ಪ್ಲಾಸ್ಟಿಕ್ ಕವರು ನೇತಾಡುತ್ತಿತ್ತು, ಆ ಕವರಿನ ಹೊಟ್ಟೆಯಲ್ಲಿ ಇನ್ನಷ್ಟು ಕವರುಗಳು, ಅವುಗಳ ಹೊಟ್ಟೆಯಲ್ಲಿ ಮತ್ತಷ್ಟು. ನಿಮ್ಮ ಮನೆಯಲ್ಲೂ ಇಂಥದ್ದೊಂದು ಇದ್ದೇ ಇರುತ್ತದೆ. ಇಲ್ಲವೆನ್ನಬೇಡಿ, ನಾನು ನಂಬುವುದಿಲ್ಲ.

ಆ ಕವರಿನ ಯಜಮಾನಿಕೆ ನಮ್ಮತ್ತೆಯವರದು. ದೇವನೂರಿನಿಂದ ನಂಜನಗೂಡಿಗೆ ಬಂದು ನಮ್ಮ ಜೊತೆ ಇರತೊಡಗಿದ ಮೇಲೆ ದನಕರುಗಳ ಉಸ್ತುವಾರಿ ತಪ್ಪಿ, ಅವರ ಆಳ್ವಿಕೆಗೆ ಉಳಿದದ್ದು ಇದೊಂದೇ ಎಂದು ಕಾಣುತ್ತದೆ. ಹಾಲಿನ ಕವರಿನ ತುದಿ ಕತ್ತರಿಸಿ, ತೊಳೆದು, ನಲ್ಲಿಯ ಮೂತಿಗೆ ಸಿಕ್ಕಿಸಿ ಒಣಗಿಸುತ್ತಿದ್ದರು. ಅಂಗಡಿ ಕವರುಗಳನ್ನು ಸದ್ದಿನ ಮೇಲೆ ವಿಂಗಡಿಸುತ್ತಿದ್ದರು. ಬರಬರ ಎನ್ನುವ ತೆಳುವಾದವು ಕಸಕ್ಕೆ, ಸದ್ದಿಲ್ಲದ ದಪ್ಪನೆಯವು ಊರಿನಿಂದ ಸೊಪ್ಪು ತರಿಸಲಿಕ್ಕೆ. ಕತ್ತಲಲ್ಲಿ ಕೈಯಿಟ್ಟರೂ ಬೇಕಾದ ಕವರೇ ಬರುತ್ತಿತ್ತು.

ಇದನ್ನೆಲ್ಲ ಬಿಡಬೇಕೆಂದು ನನಗೆ ಅನ್ನಿಸಿದ್ದು ಪರಿಸರದ ಬಗ್ಗೆ ಏನೋ ಓದಿ ಎಂದು ಬಹಳ ದಿನ ಹೇಳಿಕೊಂಡು ತಿರುಗಿದೆ. ಎಂ.ಎ. ಓದಿದವಳಿಗೆ ಹಾಗೆ ಹೇಳಿಕೊಳ್ಳುವುದೇ ಶೋಭೆ. ನಿಜವಾಗಿ ಅದಕ್ಕೆ ಕಾರಣ ಗಿರಿಜ ಕಳಿಸಿದ ಒಂದು ಫೋಟೋ.

ಗಿರಿಜ ನನ್ನ ಚಿಕ್ಕಪ್ಪನ ಮಗಳು, ಟಿ. ನರಸೀಪುರದಲ್ಲಿದ್ದಾಳೆ. ನಮ್ಮೂರ ಮುಂದೆ ಹರಿಯುವ ಕಪಿಲೆ ಅವಳ ಊರಿಗೆ ಹೋಗಿ ಕಾವೇರಿಯನ್ನು ಸೇರುತ್ತಾಳೆ. ಹೀಗಾಗಿ ನಾವು ಮೇಲಿನವರು, ಅವರು ಕೆಳಗಿನವರು. ನೀರಿನ ಲೆಕ್ಕದಲ್ಲಿ ಹೇಳುತ್ತಿದ್ದೇನೆ. ಆ ವರ್ಷ ಹೊಳೆ ತುಂಬಿ ಇಳಿದ ಮೇಲೆ ದಡದ ಪೊದೆಯೊಂದರ ಚಿತ್ರ ಕಳಿಸಿದ್ದಳು. ಪೊದೆಯ ಎಲೆ ಒಂದೂ ಕಾಣುತ್ತಿರಲಿಲ್ಲ, ಮೈತುಂಬ ಹರಿದ ಕವರುಗಳು. ನಡುವೆ ಒಂದು ನೀಲಿ ಕವರು, ಅದರ ಮೇಲೆ ನಮ್ಮ ಬೀದಿಯ ಜವಳಿ ಅಂಗಡಿಯ ಹೆಸರು. ಕೆಳಗೆ ಗಿರಿಜ ಬರೆದಿದ್ದಳು: "ಶೈಲಕ್ಕ, ನಿಮ್ಮೂರ ಕವರು ಬಸ್ ಚಾರ್ಜೂ ಕೊಡದೆ ಬಂದುಬಿಟ್ಟಿದೆ. ನೀನು ಬರೋದು ಯಾವಾಗ?"

ಆ ಕವರು ನಮ್ಮ ಮನೆಯದೇ ಇರಬೇಕಾಗಿಲ್ಲ. ಆದರೆ ಹಿಂದಿನ ಹಬ್ಬಕ್ಕೆ ನಾನು ಸೀರೆ ತಂದದ್ದು ಅದೇ ಅಂಗಡಿಯಿಂದ. ಇನ್ನು ‘ಬರೋದು ಯಾವಾಗ’ ಎಂಬ ಪ್ರಶ್ನೆಯೂ ಸುಮ್ಮನೆ ಕೇಳಿದ್ದಲ್ಲ. ಗಿರಿಜಳ ಮದುವೆ ಮುರಿದು ಅವಳು ತವರಿಗೆ ಬಂದ ಮೇಲೆ ನೆಂಟರಿಷ್ಟರು ಅವರ ಮನೆಗೆ ಹೋಗುವುದು ಕಡಿಮೆಯಾಗಿತ್ತು. ಹೋದರೂ ಅವಳು ಕೋಣೆಗೆ ಬಂದೊಡನೆ ಮಾತು ಮಳೆ ಬೆಳೆಗೆ ತಿರುಗುತ್ತಿತ್ತು. ಯಾಕೆ ಮುರಿಯಿತೆಂದು ನೀವು ಕೇಳಬೇಡಿ. ನನಗೆ ಮೂವರು ಮೂರು ಥರ ಹೇಳಿದ್ದಾರೆ, ಗಿರಿಜ ಏನೂ ಹೇಳಿಲ್ಲ, ನಾನು ಅವಳದ್ದನ್ನೇ ನಂಬಿದ್ದೇನೆ. ಚಿಕ್ಕಪ್ಪನಿಗೆ ಬಿತ್ತನೆ ಬೀಜ, ಗೊಬ್ಬರದ ಅಂಗಡಿ ಇದೆ. ಈಗ ಅದನ್ನು ನಡೆಸುವವಳು ಅವಳೇ. ‘ಮಗಳು ಇಲ್ವಾ?’ ಎಂದು ಕೇಳಿ, ಇಲ್ಲವೆಂದರೆ ‘ಆಮೇಕೆ ಬತ್ತೀವಿ’ ಎಂದು ರೈತರು ಹೊರಟುಹೋಗುತ್ತಾರಂತೆ. ಚಿಕ್ಕಪ್ಪ ಇದನ್ನು ದೂರಿನ ದನಿಯಲ್ಲಿ ಹೇಳುತ್ತಾರೆ, ಆದರೆ ಹೇಳುವಾಗ ಮೀಸೆ ತಿರುವುತ್ತಾರೆ.

ಸರಿ, ಅವತ್ತು ಊಟಕ್ಕೆ ಕೂತಾಗ ಘೋಷಿಸಿದೆ: "ಇನ್ನು ಮೇಲೆ ಈ ಮನೆಗೆ ಪ್ಲಾಸ್ಟಿಕ್ ಕವರು ಬರಕೂಡದು."

ನನ್ನ ಗಂಡ ತಾಂಡ್ಯದ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುತ್ತಾರೆ. ಬಿಸ್ಕತ್ತಿಗೆ ಸುತ್ತುವ ಪ್ಲಾಸ್ಟಿಕ್ ಹಾಳೆಯ ಉರುಳೆಗಳು ಅಲ್ಲಿ ತಯಾರಾಗುತ್ತವೆ. ಅವರು ತುತ್ತನ್ನು ಕೈಯಲ್ಲೇ ಹಿಡಿದು, "ನಾನು ಬರಬಹುದಾ?" ಎಂದರು.

ಅತ್ತೆಗೆ ಬೇರೆಯದೇ ಚಿಂತೆ. "ಅಲ್ಲ ಕಣವ್ವ, ಮಳೆ ಬಂದ್ರೆ ತಲೆಗೆ ಏನ ಆಕಂಡೀಯೆ?"

"ಕೊಡೆ ಇದೆಯಲ್ಲ ಅತ್ತೆ."

"ಕೊಡೆ ಮರ್ತೋದಾಗ ತಾನೇ ಕವರು ಬೇಕಾಗಾದು!"



ಶುರುವಿನ ಉತ್ಸಾಹದಲ್ಲಿ ಸಿಕ್ಕಿದವರಿಗೆಲ್ಲ ‘ನಮ್ಮ ಕಾಲದಲ್ಲಿ ಪ್ಲಾಸ್ಟಿಕ್ಕೇ ಇರಲಿಲ್ಲ’ ಎಂದು ಹೇಳತೊಡಗಿದೆ. ಸಾಸಿವೆ ಜೀರಿಗೆಗೆ ಕಾಗದದ ಪೊಟ್ಟಣ, ಮೇಲೆ ದಾರ. ಆ ದಾರವನ್ನು ಅಂಗಡಿಯವನು ಮೇಲಿಂದ ನೇತಾಡುವ ಉಂಡೆಯಿಂದ ಎಳೆದು, ಸುತ್ತಿ, ಬೆರಳಿಗೆ ಒಂದು ತಿರುವು ಕೊಟ್ಟು ಪಟ್ ಎಂದು ಹರಿಯುವುದನ್ನು ನೋಡಲಿಕ್ಕೆಂದೇ ನಾನು ಅಂಗಡಿಗೆ ಓಡುತ್ತಿದ್ದೆ. ಹೂವಿಗೆ ಮುತ್ತುಗದ ಎಲೆ, ಬೆಣ್ಣೆಗೆ ಬಾಳೆ ಎಲೆ. ಮನೆಗೆ ಬಂದ ಪೊಟ್ಟಣದ ಕಾಗದವನ್ನು ಬಿಡಿಸಿ ನಾನು ಅರ್ಧ ಕಥೆಗಳನ್ನು ಓದುತ್ತಿದ್ದೆ. ಮಿಕ್ಕರ್ಧ ಬೇರೆ ಯಾರ ಮನೆಯ ಕಡಲೆಬೇಳೆಗೋ ಹೋಗಿರುತ್ತಿತ್ತು.

ಹೀಗೆ ಹೇಳುತ್ತ ಹೇಳುತ್ತ ಒಂದು ದಿನ ನಾಲಿಗೆ ತಡೆಯಿತು. ನಮ್ಮಮ್ಮ ಸಂತೆಗೆ ಹಿಡಿದುಕೊಂಡು ಹೋಗುತ್ತಿದ್ದ ಕೆಂಪು ಹಸಿರು ವೈರಿನ ಬುಟ್ಟಿ ಏನು, ಬಿದಿರಿನದೇ? ಅಪ್ಪಟ ಪ್ಲಾಸ್ಟಿಕ್ಕು. ಒಂದು ಎಳೆ ಹಿಡಿದರೆ ಇನ್ನೊಂದು ಬರುತ್ತದಲ್ಲ, ಹಾಗೆ ಮೈಸೂರಿನ ಸೀರೆ ಅಂಗಡಿಯ ಕವರೂ ನೆನಪಾಯಿತು. ಅದು ನಮ್ಮ ಮನೆಗೆ ಬಂದ ಮೊದಲ ಕವರು. ಬಿಳಿ, ಮೇಲೆ ನವಿಲು. ಅಮ್ಮ ಅದನ್ನು ಸುಕ್ಕು ಬೀಳದಂತೆ ಹಾಸಿಗೆಯ ಕೆಳಗೆ ಇಡುತ್ತಿದ್ದಳು. ಪರೀಕ್ಷೆಯ ದಿನ ಮಾತ್ರ ನನಗೆ ಕೊಡುತ್ತಿದ್ದಳು. ರಟ್ಟು, ಪೆನ್ನು ಅದರಲ್ಲಿಟ್ಟುಕೊಂಡು ನಾನು ನವಿಲು ಹೊರಮುಖವಾಗಿ ಕಾಣುವಂತೆ ಹಿಡಿದು ಬೀದಿಯ ನಡುವೆ ನಡೆಯುತ್ತಿದ್ದೆ. ಅದಕ್ಕಿಂತ ಹೆಚ್ಚಿನ ಗತ್ತು ನನಗೆ ಆಮೇಲೆ ಯಾವ ಕೈಚೀಲದಿಂದಲೂ ಬಂದಿಲ್ಲ. ಪ್ಲಾಸ್ಟಿಕ್ ಇಲ್ಲದ ಬಾಲ್ಯವೊಂದನ್ನು ನಾನು ಕಟ್ಟಿಕೊಂಡದ್ದು ವ್ರತಕ್ಕೆ ಅನುಕೂಲವಾಗಲೆಂದಿರಬೇಕು. ಅಂದಿನಿಂದ ‘ನಮ್ಮ ಕಾಲದಲ್ಲಿ’ ಎನ್ನುವುದನ್ನೂ ಬಿಟ್ಟೆ. ಕವರು ಬಿಡುವುದಕ್ಕಿಂತ ಇದು ಕಷ್ಟ.

ವ್ರತ ಹಿಡಿಯುವುದು ಸುಲಭ, ಚೀಲ ಹಿಡಿಯುವುದು ನೆನಪಾಗಬೇಕಲ್ಲ. ಮೊದಮೊದಲು ಮಾರುಕಟ್ಟೆಗೆ ಬರಿಗೈಲಿ ಹೋಗಿ ನಿಂತುಬಿಡುತ್ತಿದ್ದೆ. ತರಕಾರಿ ಮಾರುವ ಸಿದ್ದಮ್ಮ ನನ್ನ ಹಳೆಯ ಪರಿಚಯ. ದನಿ ದೊಡ್ಡದು, ಗುಟ್ಟು ಹೇಳಿದರೂ ಹೊಳೆಯ ಆಚೆ ದಡಕ್ಕೆ ಕೇಳಿಸಬೇಕು. "ಕವರ್ ಕೊಡ್ಲಾ ಮೇಡಮ್ಮ?" ಎಂದು ಕೇಳುವಳು. "ಬೇಡ." "ಮತ್ತೆ ಟೊಮೇಟೊನ ಎಲ್ಲಿಗಾಕ್ಲಿ, ಬಾಯ್ಗಾ?" ಒಂದು ಸಲ ಸೆರಗಿಗೆ ಹಾಕಿಸಿಕೊಂಡೆ. ಇನ್ನೊಂದು ಸಲ ನನ್ನ ಗಂಡನ ಹೆಲ್ಮೆಟ್ಟಿಗೆ ಬದನೆಕಾಯಿ ತುಂಬಿಸಿದೆ. ಅವರು ಬರಿತಲೆಯಲ್ಲಿ ಸ್ಕೂಟರು ಓಡಿಸುತ್ತ, "ಪೊಲೀಸ್ರು ಹಿಡಿದ್ರೆ ಬದನೆಕಾಯಿ ಸೇಫಾಗಿದೆ ಅಂತ ಹೇಳು" ಎಂದರು.

ಬಟ್ಟೆಯ ಚೀಲ ಕೊಳ್ಳೋಣವೆಂದಾಗ ಅತ್ತೆ ತಡೆದರು. "ಮನೇಲಿ ಟ್ರಂಕ್ ತುಂಬ ಮಡಿಕಂಡು ಅಂಗಡೀಲಿ ಯಾಕ್ ತತ್ತೀಯೆ?" ಎಂದು ಮಂಚದ ಕೆಳಗಿನಿಂದ ತಮ್ಮ ತಗಡಿನ ಪೆಟ್ಟಿಗೆ ಎಳೆದರು. ಮುಚ್ಚಳ ತೆಗೆದರೆ ತಾಂಬೂಲದ ಚೀಲಗಳು! ನಮ್ಮ ಕಡೆಯ ಮದುವೆಗೆ ನೀವು ಬಂದಿದ್ದರೆ ನಿಮಗೂ ಸಿಕ್ಕಿರುತ್ತದೆ. ಊಟ ಮುಗಿಸಿ ಹೊರಡುವವರಿಗೆ ತೆಂಗಿನಕಾಯಿ, ಎಲೆ ಅಡಿಕೆ ಹಾಕಿ ಕೊಡುವ ಬಟ್ಟೆಯ ಚೀಲ. ಒಂದು ಮಗ್ಗುಲಲ್ಲಿ ಗಣಪತಿ, ಕೆಳಗೆ ವಧೂವರರ ಹೆಸರು, ಅದರ ಕೆಳಗೆ ‘ತಮ್ಮ ಆಗಮನಕ್ಕೆ ವಂದನೆಗಳು’. ಕಾಯಿ ಸಾರಿಗೆ ಹೋಗುತ್ತದೆ, ಚೀಲ ಪೆಟ್ಟಿಗೆಗೆ. ಎರಡು ತಾಲ್ಲೂಕಿನ ಎಷ್ಟೋ ವರ್ಷದ ಮದುವೆಗಳು ಅಲ್ಲಿ ಮಡಿಸಿಕೊಂಡು ಮಲಗಿದ್ದವು.

ಒಂದೊಂದನ್ನೇ ಬಿಡಿಸುತ್ತ ನಾನು ನೆನಪು ತೆಗೆಯತೊಡಗಿದೆ. "ಇದು ಮಂಜುಳ–ಸೋಮಶೇಖರನ ಮದುವೆದು. ಚಿರೋಟಿ ಎಷ್ಟು ಚೆನ್ನಾಗಿತ್ತು!"

"ನೀನೆಲ್ಲವ್ವ ಬಂದಿದ್ದೆ ಅದ್ಕೆ? ಜ್ವರ ಬಂದು ಮಲ್ಗಿದ್ದೆ. ಚಿರೋಟಿ ನಾನೇ ಕವರ್‌ನಲ್ಲಿ ತಂದ್ಕೊಟ್ಟೆ" ಎಂದರು ಅತ್ತೆ. ಕೊನೆಯ ಮಾತನ್ನು ಸ್ವಲ್ಪ ಒತ್ತಿಯೇ ಹೇಳಿದರು.

ಚೀಲಗಳು ಮೊಳೆಗೆ ಬಂದವು. ಕವರುಗಳ ಕವರು ಹಿತ್ತಲಿಗೆ ಹೋಯಿತು, ಅತ್ತೆ ಅದನ್ನು ಎಲ್ಲೋ ಬಚ್ಚಿಟ್ಟರು, ನಾನು ಹುಡುಕಲಿಲ್ಲ. ಆದರೆ ಚೀಲಕ್ಕೂ ಅವರದೊಂದು ಶಾಸ್ತ್ರ ಹುಟ್ಟಿತು. ಚೆನ್ನಾಗಿ ಬಾಳುತ್ತಿರುವ ಜೋಡಿಯ ಚೀಲ ಹೂವು, ಹಣ್ಣು, ದೇವಸ್ಥಾನಕ್ಕೆ. ದಿನಾ ಜಗಳವಾಡುತ್ತಲೂ ಒಟ್ಟಿಗಿರುವವರ ಚೀಲ ಮೆಣಸಿನಕಾಯಿ, ಹುಣಿಸೆಹಣ್ಣಿಗೆ. ಪೆಟ್ಟಿಗೆಯ ತಳದಲ್ಲಿ ಒಂದು ಹಳದಿ ಚೀಲ ಬಂತು, ಉಳಿದೆಲ್ಲವಕ್ಕಿಂತ ದಪ್ಪ ಬಟ್ಟೆ, ಎರಡು ಪಟ್ಟು ಹೊಲಿದ ಹಿಡಿ. ‘ಚಿ|| ಸೌ|| ಗಿರಿಜಾ – ಚಿ|| ರಾ|| ಪ್ರಸನ್ನ.’ ಅತ್ತೆ ಒಂದು ಗಳಿಗೆ ನೋಡಿ, "ಅದ ಈರುಳ್ಳಿಗೆ ಮಡಿಕ" ಎಂದರು. ನನಗೆ ಚುರುಕ್ಕೆಂದಿತು. ಆದರೆ ಈರುಳ್ಳಿಗೆ ಗಟ್ಟಿ ಚೀಲ ಬೇಕಿತ್ತು, ಮೊಳೆಗೆ ಸಿಕ್ಕಿಸಿದೆ.

ಮಾರುಕಟ್ಟೆಯಲ್ಲಿ ನಮ್ಮ ಮರ್ಯಾದೆಯೇ ಬದಲಾಯಿತು. ಸಿದ್ದಮ್ಮ ಅಕ್ಷರ ಕೂಡಿಸಿ ಓದಬಲ್ಲವಳು. ನಾನು ದೂರದಲ್ಲಿ ಕಂಡೊಡನೆ, "ಇವತ್ತು ಯಾರ ಮದ್ವೆ ಮೇಡಮ್ಮ?" ಎಂದು ಕೂಗಿ, ಚೀಲ ನೋಡಿ ತಾನೇ ಉತ್ತರ ಹೇಳುವಳು. "ಓ, ಮಂಜುಳನ್ ಮದ್ವೆ ಬಂತು, ಜಾಗ ಬುಡ್ರಪ್ಪೋ!" ಬಾಳೆಕಾಯಿ ಕೊಳ್ಳುತ್ತಿದ್ದವರು ತಿರುಗಿ ನೋಡುವರು. ಒಂದು ದಿನ ಯಾರೋ, "ಮಂಜುಳ ನಿಮ್ಮ ಮಗಳಾ?" ಎಂದು ಕೇಳಿ, ಎಲ್ಲಿಗೆ ಕೊಟ್ಟಿರಿ ಎಂದೂ ವಿಚಾರಿಸಿದರು. ಬೀನ್ಸ್ ಆರಿಸುತ್ತಲೇ, ಚಾಮರಾಜನಗರಕ್ಕೆ ಎಂದುಬಿಟ್ಟೆ.

ಹೀಗಿರುವಾಗ ಚಿಕ್ಕಪ್ಪನ ಫೋನು ಬಂತು. "ಭಾನ್ವಾರ ಬಾವ್ವ ಶೈಲ. ಗಿರಿಜನ್ನ ನೋಡಕ್ಕೆ ಬತ್ತಾವ್ರೆ. ಹುಡುಗ ಟ್ರ್ಯಾಕ್ಟರ್ ರಿಪೇರಿ ಶೆಡ್ ಮಡಗವ್ನೆ, ಮಹೇಶ ಅಂತ. ಅವನ್ಗೂ ಒಂದ್ಸಲ ಆಗಿ ಬುಟ್ಟೋಗದೆ. ನೀನು ಓದ್ದೋಳು, ಜೊತೇಲಿದ್ರೆ ನಮ್ಗೊಂದು ಧೈರ್ಯ. ಬರುವಾಗ ರಸಬಾಳೆ ಸಿಕ್ರೆ ತತ್ತಾ." ಆಮೇಲೆ ದನಿ ತಗ್ಗಿಸಿ, "ಅಳೇ ಮಾತು ಮಾತ್ರ ಯಾರೂ ಎತ್ತಂಗಿಲ್ಲ. ಅವ್ರಿಗೂ ಗೊತ್ತು, ನಮ್ಗೂ ಗೊತ್ತು. ಅವ್ರೂ ಎತ್ತಲ್ಲ, ನಾವೂ ಎತ್ತಲ್ಲ. ಅಂಗಂತ ಮಾತಾಗದೆ."

ಅಂದು ಸಂಜೆ ಗಿರಿಜಳೂ ಫೋನು ಮಾಡಿದಳು. "ಅಕ್ಕ, ಇವರು ಒಪ್ಪದೆ ಹೋದ್ರೆ ನಾನೇನು ಸಾಯಲ್ಲ."

"ಗೊತ್ತು."

"ಆದ್ರೆ ಒಪ್ಪಿದ್ರೆ ಚೆನ್ನಾಗಿರುತ್ತೆ." ಆಮೇಲೆ ತಾನೇ ಹೇಳಿದಳು: "ಆ ಮನುಷ್ಯ ಮೂರು ತಿಂಗಳ ಹಿಂದೇನೇ ಅಂಗಡಿಗೆ ಬಂದಿದ್ದ. ನನ್ನ ನೋಡೋಕೇ ಬಂದದ್ದು ಅಂತ ನನಗೆ ಗೊತ್ತಾಗಬಾರದು ಅಂತ ಮೆಣಸಿನಕಾಯಿ ಬೀಜ ತಗೊಂಡ. ಯಾವ ತಳಿ ಬೇಕು ಅಂದ್ರೆ, ‘ಖಾರ ಇರೋದು’ ಅಂದ ಕಣಕ್ಕ!"

ಅವಳು ನಗುವುದನ್ನು ಕೇಳಿ ಬಹಳ ಕಾಲವಾಗಿತ್ತು. ಈ ಸಂಬಂಧ ಕೂಡಿಬರಲೇಬೇಕೆಂದು ನನಗೆ ಅನ್ನಿಸಿದ್ದು ಆ ನಗುವಿಗೆ.

ನಂಜನಗೂಡಿನ ರಸಬಾಳೆ ಈಗ ನಂಜನಗೂಡಿನಲ್ಲೇ ಹುಡುಕಬೇಕಾದ ಹಣ್ಣು. ನನ್ನ ಗಂಡ ಕಾರ್ಖಾನೆಯ ಗೆಳೆಯರೊಬ್ಬರ ತೋಟದಿಂದ ಒಂದು ಚಿಪ್ಪು ಸಂಪಾದಿಸಿದರು. ಸಿಪ್ಪೆ ತೆಳು, ತೊಟ್ಟು ನಾಜೂಕು, ಒತ್ತಿದರೆ ಮುಗಿಯಿತು. ಭಾನುವಾರ ಬೆಳಿಗ್ಗೆ ಗಡಿಬಿಡಿಯಲ್ಲಿ ನಾನು ಒಗೆದ ಚೀಲಗಳ ರಾಶಿಯಿಂದ ಬರಹವಿಲ್ಲದ ಒಂದು ಚೀಲ ಆರಿಸಿದೆ. ಶುಭಕಾರ್ಯಕ್ಕೆ ಯಾರದೋ ಹೆಸರು ಹೊತ್ತ ಚೀಲ ಯಾಕೆ ಎಂಬ ಸೂಕ್ಷ್ಮ ನನ್ನದು. ‘ಅದು ಬೇಡ ಅಂತ ನಾನು ಹೇಳಿದೆ’ ಎಂದು ನನ್ನ ಗಂಡ ಈಗ ಹೇಳುತ್ತಾರೆ. ನನಗೆ ಕೇಳಿಸಿದ ನೆನಪಿಲ್ಲ. ಡೈರಿಯಲ್ಲಿ ನೋಡಿದರೆ ಆ ದಿನದ ಬೆಳಿಗ್ಗೆಗೆ ‘ಬಸ್ಸು ತುಂಬಿತ್ತು’ ಎಂದಷ್ಟೇ ಬರೆದಿದ್ದೇನೆ.

ಬಸ್ಸಿನಲ್ಲಿ ಹಣ್ಣನ್ನು ತೊಡೆಯ ಮೇಲೆ ಮಗುವಿನಂತೆ ಕೂರಿಸಿಕೊಂಡಿದ್ದೆ. ಎಲ್ಲಿಂದಲೋ ಈರುಳ್ಳಿ ವಾಸನೆ ಬರುತ್ತಿತ್ತು. ಪಕ್ಕದ ಹೆಂಗಸಿನ ಬುಟ್ಟಿಯ ಕಡೆ ಒಂದೆರಡು ಸಲ ಓರೆಗಣ್ಣಿಂದ ನೋಡಿದೆ. ಆಕೆಯೂ ನನ್ನನ್ನು ಹಾಗೆಯೇ ನೋಡಿದಳು.

ನಾನು ತಲುಪುವ ಹೊತ್ತಿಗೆ ಮಹೇಶ, ಅವನ ತಾಯಿ ರಾಜಮ್ಮ ಬಂದು ನಡುಮನೆಯ ಚಾಪೆಯ ಮೇಲೆ ಕೂತಿದ್ದರು. ಉಪ್ಪಿಟ್ಟು, ಕೇಸರಿಬಾತು ಆಗಿತ್ತು. ಗಿರಿಜ ಕಾಫಿ ಕೊಟ್ಟು ಅಡುಗೆಮನೆಯ ಬಾಗಿಲಿಗೆ ಆತು ನಿಂತಿದ್ದಳು. ಮಹೇಶ ನೆಲದ ಟೈಲ್ಸಿನ ಗೆರೆಗಳನ್ನು ನೋಡುತ್ತಿದ್ದ. ಮಾತು ಮಳೆ ಬೆಳೆಯಲ್ಲಿತ್ತು, ಭತ್ತದಿಂದ ಕಬ್ಬಿಗೆ ಬಂದು ಅಲ್ಲಿಂದ ಮುಂದೆ ಹೋಗಲಾರದೆ ನಿಂತಿತ್ತು. ನನ್ನನ್ನು ಕಂಡು ಚಿಕ್ಕಪ್ಪನಿಗೆ ಜೀವ ಬಂತು.

"ಬಾವ್ವ, ಬಾ. ನಮ್ಮಣ್ಣನ ಮಗಳು ಕಣ್ರವ್ವ, ಎಂ.ಎ. ಮಾಡವ್ಳೆ. ರಸಬಾಳೆ ತಂದಾ? ಅಸ್ಲಿ ನಂಜನಗೂಡಿನ ರಸಬಾಳೆ ಕಣ್ರವ್ವ, ದುಡ್ಡು ಕೊಟ್ರೂ ಸಿಗಾಕಿಲ್ಲ. ಸರ್ವಮಂಗಳ, ಇಲ್ಲೇ ತೆಗ್ದು ತೋರ್ಸು!"

ಸರ್ವಮಂಗಳ ಎಂದರೆ ನನ್ನ ಚಿಕ್ಕಮ್ಮ. ಹಣ್ಣಿನ ಸೂಕ್ಷ್ಮ ಬಲ್ಲವರು. ಚಿಪ್ಪನ್ನು ಮೇಲಕ್ಕೆ ಎಳೆದರೆ ತೊಟ್ಟು ಕಳಚುತ್ತದೆಂದು, ಚೀಲವನ್ನು ಚಾಪೆಯ ಮೇಲಿಟ್ಟು, ಮಗುವಿಗೆ ಅಂಗಿ ಬಿಚ್ಚಿದಂತೆ ಬಾಯಿಯಿಂದ ಕೆಳಕ್ಕೆ ನಿಧಾನವಾಗಿ ಮಗುಚುತ್ತ ಬಂದರು. ಹಣ್ಣು ಒಂದೂ ಉದುರಲಿಲ್ಲ. ಆದರೆ ಚೀಲ ಮಗುಚಿದಂತೆಲ್ಲ ಅದರ ಒಳಮೈ ಹೊರಗೆ ಬಂತು. ಮೊದಲು ಗಣಪತಿ. ಆಮೇಲೆ ‘ಚಿ|| ಸೌ|| ಗಿರಿಜಾ’. ಆಮೇಲೆ ‘ಪ್ರಸನ್ನ’. ಕೊನೆಗೆ ‘ತಮ್ಮ ಆಗಮನಕ್ಕೆ ವಂದನೆಗಳು’.

ಒಗೆದು ಒಣಹಾಕುವಾಗ ಚೀಲಗಳನ್ನು ಒಳಮೈ ಹೊರಗೆ ಮಾಡುವವಳು ನಾನೇ. ಹಾಗೇ ಮಡಿಸಿಟ್ಟವಳೂ ನಾನೇ. ಬರಹವಿಲ್ಲದ ಚೀಲವೆಂದು ಹೆಮ್ಮೆಪಟ್ಟು ತಂದದ್ದು ಈರುಳ್ಳಿಯ ಚೀಲ.

"ಅಸ್ಲಿ ನಂಜನಗೂ..." ಎಂದ ಚಿಕ್ಕಪ್ಪನ ಬಾಯಿ ತೆರೆದೇ ಇತ್ತು. ಇಂಥ ಹೊತ್ತಿನಲ್ಲಿ ವಿಶ್ವವಿದ್ಯಾನಿಲಯದಲ್ಲಿ ಕಲಿತದ್ದು ಯಾವುದೂ ನೆರವಿಗೆ ಬರುವುದಿಲ್ಲ. ನಾನು ಚೀಲವನ್ನು ಕಸಿದುಕೊಂಡು, ಚಾಪೆಯ ಮೇಲೆ ಹಾಕಿ, ಅದರ ಮೇಲೆ ಕೂತುಬಿಟ್ಟೆ. ಎಲ್ಲರೂ ನನ್ನನ್ನೇ ನೋಡಿದರು. "ಸೊಂಟ ನೋವು" ಎಂದೆ.

ರಾಜಮ್ಮ ಒಂದು ಹಣ್ಣು ಸುಲಿದು ಬಾಯಿಗಿಟ್ಟು, "ಚೆನ್ನಾಗದೆ. ವಸಿ ಈರುಳ್ಳಿ ಗಮ" ಎಂದರು. ಮಗನ ಮುಖ ನೋಡಿದರು. ಮಹೇಶ ಮಾತ್ರ ಟೈಲ್ಸು ಬಿಟ್ಟು ತಲೆಯೆತ್ತಿ ಗಿರಿಜಳನ್ನು ನೋಡುತ್ತಿದ್ದ. ಅವಳ ಮುಖದಲ್ಲಿ ಏನಿತ್ತೆಂದು ನಾನು ಕಾಣೆ, ನನಗೆ ತಿರುಗಿ ನೋಡುವ ಧೈರ್ಯವಿರಲಿಲ್ಲ. ಮಾತು ಮತ್ತೆ ಕಬ್ಬಿಗೆ ಹೋಯಿತು. ಬೇಗ ಹೊರಡುವವರು ಆಡುವಂಥ ಮಾತು.

ಅವರು ಏಳುವ ಸೂಚನೆ ಕಂಡೊಡನೆ ಚೀಲವನ್ನು ಸುರುಳಿ ಸುತ್ತಿ ಸೆರಗಿನೊಳಗೆ ಸೇರಿಸಿಕೊಂಡು ಅಡುಗೆಮನೆಗೆ ಓಡಿದೆ. ಹೊರಡುವ ಮುತ್ತೈದೆಗೆ ಕಾಯಿ, ಹಣ್ಣು ಕೊಡಬೇಕಲ್ಲ, ಏನಾದರೊಂದರಲ್ಲಿ ಹಾಕಿ ಕೊಡಬೇಕು. ಚಿಕ್ಕಮ್ಮ ಡಬ್ಬಗಳ ಹಿಂದೆ ತಡಕಾಡುತ್ತ ಕಣ್ಣೊರೆಸಿಕೊಳ್ಳುತ್ತಿದ್ದರು. ಆಗ ನಾನು ಆಡಿದ ಮಾತನ್ನು ಇಲ್ಲಿ ಮುಚ್ಚಿಡುವುದಿಲ್ಲ: "ಚಿಕ್ಕಮ್ಮ, ಒಂದು ಕವರು ಕೊಡಿ. ಪ್ಲಾಸ್ಟಿಕ್ ಕವರು. ಎಂಥದಾದರೂ ಸರಿ."

"ಎಲ್ಲಿಂದ ತರ್ಲವ್ವ? ಆ ಪೊದೆ ಫೋಟೋ ಇಡ್ದಾಗಿಂದ ಇವಳೂ ಮನೇಗೆ ಕವರ್ ಬುಡ್ತಿಲ್ಲ. ಅಕ್ಕತಂಗೇರಿಬ್ರೂ ಸೇರ್ಕಂಡು ಮನೇಲಿ ಒಂದ್ ಕವರ್ ಇಲ್ದಂಗೆ ಮಾಡ್ಬುಟ್ರಿ!"

ಬಾಗಿಲಲ್ಲಿ ನಿಂತಿದ್ದ ಗಿರಿಜಳ ಭುಜ ಅಲುಗುತ್ತಿತ್ತು. ಅಳುತ್ತಿದ್ದಾಳೆಂದುಕೊಂಡೆ. ನೋಡಿದರೆ ನಗು ತಡೆಯುತ್ತಿದ್ದಳು.

ಅಷ್ಟರಲ್ಲಿ ನಡುಮನೆಯಿಂದ ರಾಜಮ್ಮನ ದನಿ ಬಂತು. "ಯಾಕ್ರವ್ವ ಒದ್ದಾಡೀರಿ? ಆ ಚೀಲ ಇಲ್ವಾ?"

"ಯಾವ ಚೀಲ?" ಎಂದೆ ಇಣುಕಿ, ಮುಗ್ಧಳಂತೆ.

"ಅದೇ ಕಣವ್ವ, ನೀನು ಮೊಟ್ಟೆ ಕಾವು ಕೊಟ್ಟಂಗೆ ಕುಂತಿದ್ಯಲ್ಲ, ಆ ಚೀಲ."

ಸೆರಗಿನೊಳಗಿಂದ ಚೀಲ ತೆಗೆಯಲೇಬೇಕಾಯಿತು. ಅವಸರದಲ್ಲಿ ಅದನ್ನು ಮತ್ತೆ ಒಳಮೈ ಹೊರಗೆ ಮಾಡತೊಡಗಿದೆ. ಗಿರಿಜ ನನ್ನ ಕೈಯಿಂದ ಅದನ್ನು ತೆಗೆದುಕೊಂಡಳು. "ಹಂಗೇ ಇರ್ಲಿ ಬಿಡಕ್ಕ" ಎಂದಳು. ಹೆಸರುಗಳು ಹೊರಗೆ ಕಾಣುವಂತೆಯೇ ನಡುಮನೆಗೆ ಹಿಡಿದುಕೊಂಡು ಹೋಗಿ, ರಾಜಮ್ಮನ ಎದುರು ಕೂತು, ಕಾಯಿ ಇಟ್ಟು, ಮೇಲೆ ಹಣ್ಣಿನ ಚಿಪ್ಪು ಇಟ್ಟಳು. "ಇಂಥವು ಅಟ್ಟದ ಮೇಲೆ ಇನ್ನೂ ಒಂದು ಕಟ್ಟು ಇವೆ. ಅಪ್ಪ ಜಾಸ್ತಿ ಮಾಡಿಸಿಬಿಟ್ಟಿದ್ರು" ಎಂದಳು. ಆ ಮನೆಯಲ್ಲಿ ಆ ಮದುವೆಯ ಸುದ್ದಿಯನ್ನು ಅವಳು ಬಾಯಿಬಿಟ್ಟು ಆಡಿದ್ದು ಅದೇ ಮೊದಲೆಂದು ಚಿಕ್ಕಮ್ಮ ಆಮೇಲೆ ಹೇಳಿದರು.

ಚಿಕ್ಕಪ್ಪ ಕಣ್ಣು ಮುಚ್ಚಿಕೊಂಡರು.

ರಾಜಮ್ಮ ಚೀಲದ ಹಿಡಿಯನ್ನು ಎಳೆದು ನೋಡಿ, "ಬಟ್ಟೆ ಗಟ್ಟಿ ಅದೆ" ಎಂದರು. "ನಮ್ಮನೇಲೂ ಅವೆ ಕಣವ್ವ ಇವನ ಮದ್ವೆವು, ಬರೀ ಜಾಳು. ದೋಸೆ ಕಾವ್ಲಿ ಇಳ್ಸಕ್ಕೆ ಮಡಿಕಂಡಿವ್ನಿ. ಕೈ ಸುಡ್ತದೆ."

ಮಹೇಶ ನಕ್ಕುಬಿಟ್ಟ. ನಕ್ಕ ಮೇಲೆ ಮೊದಲ ಬಾರಿಗೆ ಬಾಯಿ ಬಿಟ್ಟ, ಅದೂ ನೇರ ಗಿರಿಜಳಿಗೆ. "ಆ ಮೆಣಸಿನ ಗಿಡ ಹೂ ಬಿಟ್ಟವೆ" ಎಂದ.

"ಎಲೆ ಮುದುರಿದ್ರೆ ಹೇಳಿ" ಎಂದಳು ಅವಳು.

ಚಿಕ್ಕಪ್ಪ ಬಾಗಿಲ ತನಕ ಹಿಂದೆ ಹೋಗಿ, ಗಂಟಲು ಸರಿಮಾಡಿಕೊಂಡು, "ಮತ್ತೆ... ಚೀಲ..." ಎಂದು ಏನೋ ಕೇಳಲು ಹೋಗಿ ಚೀಲದಲ್ಲೇ ನಿಂತರು. ಒಪ್ಪಿಗೆಯಾ ಎಂದು ಕೇಳುವ ಬಾಯಿ ಅವರಿಗಿರಲಿಲ್ಲ.

ರಾಜಮ್ಮ ಚೀಲವನ್ನು ಮೊಣಕೈಗೆ ಏರಿಸಿಕೊಂಡರು. "ಚೀಲ ಕೊಡಕ್ಕೆ ಬರ್ಲೇಬೇಕಲ್ಲಪ್ಪ. ಬರೀ ಚೀಲ ಕೊಡಾಕಿಲ್ಲ ನಾವು, ತುಂಬ್ಕಂಡೇ ಬತ್ತೀವಿ."

ನಮ್ಮ ಕಡೆ ಯಾರೂ ಪಾತ್ರೆಯನ್ನಾಗಲಿ ಚೀಲವನ್ನಾಗಲಿ ಖಾಲಿ ಹಿಂತಿರುಗಿಸುವುದಿಲ್ಲ. ಆದರೆ ಗಂಡಿನ ಕಡೆಯವರು ಹೂವು, ಸೀರೆ, ಬೆಲ್ಲ ತುಂಬಿಕೊಂಡು ಬರುವುದು ಒಂದೇ ಕಾರಣಕ್ಕೆ, ಹೆಣ್ಣನ್ನು ಒಪ್ಪಿದ್ದಕ್ಕೆ. ಚಿಕ್ಕಮ್ಮ ಅಡುಗೆಮನೆಯಲ್ಲಿ ಈಗ ಸದ್ದು ಮಾಡಿಯೇ ಅತ್ತರು.

ಮದುವೆ ಚಿಕ್ಕಪ್ಪನ ಮನೆಯ ಮುಂದೆಯೇ ಚಪ್ಪರ ಹಾಕಿ ಆಯಿತು. ಚಿಕ್ಕಪ್ಪ ಮತ್ತೆ ತಾಂಬೂಲದ ಚೀಲಕ್ಕೆ ಹೆಸರು ಅಚ್ಚು ಹಾಕಿಸಲು ಹೊರಟಿದ್ದರಂತೆ. ಗಿರಿಜ ಬೇಡವೆಂದಳು. "ಚೀಲ ಇರ್ಲಿ, ಹೆಸರು ಬೇಡ. ನಾವು ಹೆಂಗೆ ಬಾಳ್ತೀವೋ ನೋಡ್ಕಂಡು ಶೈಲಕ್ಕನ ಅತ್ತೆ ಬೇಕಾದ್ದು ಹಾಕ್ಲಿ" ಎಂದಳಂತೆ. ಈರುಳ್ಳಿಯ ಗುಟ್ಟು ಅವಳಿಗೆ ಹೇಗೆ ತಿಳಿಯಿತೋ! ನಾನಂತೂ ಹೇಳಿಲ್ಲ. ಹೇಳಿಲ್ಲವೆಂದೇ ನನ್ನ ನೆನಪು. ಹಳದಿ ಚೀಲವನ್ನು ರಾಜಮ್ಮ ಕೊನೆಗೂ ಹಿಂದಕ್ಕೆ ಕೊಡಲಿಲ್ಲ. ತುಂಬಿಕೊಂಡು ಬಂದದ್ದು ನಿಜ, ಸುರಿದು ಮತ್ತೆ ಮಡಿಸಿ ಒಯ್ದರು. ಅದರಷ್ಟು ಗಟ್ಟಿ ಹಿಡಿ ಯಾವ ಚೀಲಕ್ಕೂ ಇಲ್ಲವಂತೆ.

ಹೊಸ ಚೀಲ ನಮ್ಮ ಬಾಗಿಲ ಹಿಂದಿನ ಮೊಳೆಗೆ ಬಂತು. ಬಿಳಿ ಬಟ್ಟೆ, ಮೇಲೆ ಏನೂ ಇಲ್ಲ. ಅತ್ತೆ ಅದನ್ನು ಹಿಡಿದು ಹಿಂದೆ ಮುಂದೆ ತಿರುಗಿಸಿ, ಹೂವು ಹಣ್ಣಿನ ಚೀಲಗಳ ಸಾಲಿಗೆ ಹಾಕಿದರು. ನಾನು ಮರುದಿನ ಅದನ್ನೇ ಹಿಡಿದು ಮಾರುಕಟ್ಟೆಗೆ ಹೋದೆ.

"ಇವತ್ತು ಯಾರ ಮದ್ವೆ ಮೇಡಮ್ಮ?" ಎಂದಳು ಸಿದ್ದಮ್ಮ. ಚೀಲವನ್ನು ಹಿಂದೆ ಮುಂದೆ ನೋಡಿದಳು. "ಇದೇನ ಇದು, ಎಸ್ರೇ ಇಲ್ಲ! ಏನಂತ ಕೂಗ್ಲಿ ನಾನು?"

"ನನ್ನ ತಂಗೀದು. ಗಿರಿಜನ ಮದುವೆ ಅಂತ ಕೂಗಿ."

"ಕೂಗ್ಬೋದಾ?"

ಅವಳು ಯಾಕೆ ಹಾಗೆ ಕೇಳಿದಳೋ ತಿಳಿಯದು. ನನ್ನ ಮುಖದಲ್ಲಿ ಏನೋ ಕಂಡಿರಬೇಕು. "ಜೋರಾಗೇ ಕೂಗಿ" ಎಂದೆ.

ಸಿದ್ದಮ್ಮ ತಕ್ಕಡಿ ಕೆಳಗಿಟ್ಟಳು, ಸೆರಗು ಸಿಕ್ಕಿಸಿದಳು. "ಗಿರಿಜನ್ ಮದ್ವೆ ಬಂತು, ಜಾಗ ಬುಡ್ರಪ್ಪೋ!"

ಸೊಪ್ಪಿನವರು, ಹೂವಿನವರು, ಆಚೆ ಸಾಲಿನ ಬಾಳೆಹಣ್ಣಿನವರು ಎಲ್ಲರೂ ತಿರುಗಿ ನೋಡಿದರು. ನಾನು ಚೀಲವನ್ನು, ಹಿಂದೊಮ್ಮೆ ನವಿಲಿನ ಕವರು ಹಿಡಿಯುತ್ತಿದ್ದ ಹಾಗೆ, ಎದೆಯ ಮಟ್ಟಕ್ಕೆ ಹಿಡಿದು ಬೀದಿಯ ನಡುವೆಯೇ ನಡೆದೆ.